ಪದ ಬೇಕು, ತುರ್ತು: ಗುರುತ್ವಾಕರ್ಷಣೆಯೋ, ಗುರುತ್ವವೋ, ನೆಲಸೆಳೆತವೋ?

ಜಮಖಂಡಿಯಿಂದ:
ಎಲ್ಲರಿಗೂ ನಮಸ್ಕಾರ. ನಮ್ಮ ಹೈಸ್ಕೂಲಿನ ವಿಜ್ಞಾನ ದಿನಕ್ಕೆ ಒಂದು ಫ್ಲೆಕ್ಸ್ ಆಗಬೇಕು. ಸಂಜೆಯೊಳಗೆ ಅಂಗಡಿಗೆ ಕಳಿಸಬೇಕು. ವಿಷಯ ಇದು. ಕಪ್ಪುಕುಳಿಯ (ಬ್ಲ್ಯಾಕ್ ಹೋಲ್) ಸುತ್ತ ತಿರುಗುವ ಅನಿಲದಲ್ಲಿರುವ ಕಬ್ಬಿಣ 6.4 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಕ್ಸ್‌ರೇ ಸೂಸುತ್ತದೆ. ಕುಳಿಯ ಹತ್ತಿರದಿಂದ ಹೊರಗೆ ಬರುವಷ್ಟರಲ್ಲಿ ಅದರ ಶಕ್ತಿ ಕುಗ್ಗುತ್ತದೆ. ಯಾವ ಶಕ್ತಿಯ ಕಿರಣ ಎಷ್ಟು ಎಂದು ತೋರಿಸುವ ನಕ್ಷೆಯಲ್ಲಿ ಚೂಪಾಗಿರಬೇಕಾದ ಅದರ ಗೆರೆ ಕಡಿಮೆ ಶಕ್ತಿಯ ಕಡೆಗೆ ಹರಡಿಕೊಳ್ಳುತ್ತದೆ. ಎಷ್ಟು ಹರಡಿತು ಎಂದು ಅಳೆದರೆ ಗುರುತ್ವಾಕರ್ಷಣೆಯ ಬಗ್ಗೆ ಐನ್‌ಸ್ಟೈನ್ ಹೇಳಿದ್ದು ಅಲ್ಲಿ ನಡೆಯುತ್ತದಾ ಎಂದು ನೋಡಬಹುದು. ಜಪಾನಿನ ಆಸ್ಕಾ ಉಪಗ್ರಹ ಇಂಥ ಗೆರೆ ಹಿಡಿದ ಸುದ್ದಿ 1995ರದ್ದು. ಗಾಳಿ ಎಕ್ಸ್‌ರೇಯನ್ನು ನುಂಗುವುದರಿಂದ ಇದನ್ನೆಲ್ಲ ಮೇಲಿಂದಲೇ ನೋಡಬೇಕು. ಚಿತ್ರಕ್ಕೆ 1999ರ ಚಂದ್ರಾ ದೂರದರ್ಶಕ, ಇಸ್ರೋದ 2015ರ ಆಸ್ಟ್ರೋಸ್ಯಾಟ್ ಉಪಗ್ರಹ ಹಾಕಿದ್ದೇನೆ.

ತಲೆಬರಹ: 'ಕ್ಷ-ಕಿರಣ ದೂರದರ್ಶಕದಿಂದ ಗುರುತ್ವಾಕರ್ಷಣಾ ಸಿದ್ಧಾಂತದ ಪರೀಕ್ಷೆ'. ಎಂಟನೇ ತರಗತಿಯವರಿಗೆ ತಿಳಿಯುತ್ತದಾ?

ಬೆಳಗಾವಿಯಿಂದ:
ತಿಳಿಯುವುದಿಲ್ಲ. 'ಕ್ಷ-ಕಿರಣ' ತೆಗೆಯಿರಿ. 1895ರಲ್ಲಿ ಅದನ್ನು ಕಂಡುಹಿಡಿದ ರಾಂಟ್ಜನ್‌ಗೆ ಕಿರಣ ಯಾವುದೆಂದು ಗೊತ್ತಾಗದೆ 'ಎಕ್ಸ್' ಎಂದಿಟ್ಟ. ಅದಕ್ಕೆ ಕ್ಷ ಹಚ್ಚಿದರೆ ಕನ್ನಡ ಆಗುವುದಿಲ್ಲ. ಇಲ್ಲಿ ಮರಾಠಿಯವರೂ ಅದನ್ನೇ ಬರೆಯುತ್ತಾರೆ. ದವಾಖಾನೆಯಲ್ಲಿ ಎಲ್ಲರೂ ಎಕ್ಸ್‌ರೇ ಎಂದೇ ಅನ್ನುವುದು, ಅದನ್ನೇ ಇಡಿ. 'ಗುರುತ್ವಾಕರ್ಷಣೆ'ಗೆ ಅಚ್ಚಗನ್ನಡದ 'ನೆಲಸೆಳೆತ' ಇದೆ.

ವಿಜಯಪುರದಿಂದ:
ಜಮಖಂಡಿ ಅಕ್ಕಾರೆ, ಎಕ್ಸ್‌ರೇ ಇರಲಿ. ಆದರೆ 'ನೆಲಸೆಳೆತ' ಮಾತ್ರ ಬೇಡ. ಕಪ್ಪುಕುಳಿಗೆ ನೆಲ ಎಲ್ಲಿದೆ? ಭಾಸ್ಕರಾಚಾರ್ಯರು 1150ರಲ್ಲಿ 'ಆಕೃಷ್ಟಿಶಕ್ತಿ' ಎಂದದ್ದು ಭೂಮಿಯ ಮಾತು ಆಡುವಾಗ. ಅಲ್ಲಿ ಅದು ಸರಿ.

ನನ್ನ ತಕರಾರು 'ಆಕರ್ಷಣೆ'ಯ ಮೇಲೂ ಇದೆ. ನ್ಯೂಟನ್ ಪ್ರಕಾರ ಇದು ಸೆಳೆತ. ಐನ್‌ಸ್ಟೈನ್ 1915ರಲ್ಲಿ ಕೊಟ್ಟ ಲೆಕ್ಕದಲ್ಲಿ ಯಾರೂ ಯಾರನ್ನೂ ಸೆಳೆಯುವುದಿಲ್ಲ, ದೇಶಕಾಲವೇ, ಅಂದರೆ ಜಾಗ ಮತ್ತು ಕಾಲ ಸೇರಿದ ಹಂದರವೇ, ಬಾಗುತ್ತದೆ. ಯಾವುದು ನಿಲ್ಲುತ್ತದೆ ಎಂದು ನೋಡಲು ಹೊರಟವರು ತಲೆಬರಹದಲ್ಲೇ 'ಸೆಳೆತ' ಎಂದು ತೀರ್ಪು ಕೊಡಬಾರದು, ಅಲ್ವಾ? 'ಗುರು' ಎಂದರೆ ಭಾರ. 'ಗುರುತ್ವ' ಯಾರ ಪಕ್ಷವನ್ನೂ ಹಿಡಿಯುವುದಿಲ್ಲ. 'ಪರೀಕ್ಷೆ' ಎಂದರೆ ಮಕ್ಕಳಿಗೆ ಪ್ರಶ್ನೆಪತ್ರಿಕೆ ನೆನಪಾಗುತ್ತದೆ. 'ಒರೆಗೆ ಹಚ್ಚುವುದು' ಎನ್ನಿ.

ಬೆಳಗಾವಿಯಿಂದ:
ಕೊನೆಗೂ ಸಂಸ್ಕೃತಕ್ಕೇ ಬಂದಿರಿ. ಹಾಗಾದರೆ 'ಸಿದ್ಧಾಂತ'ವೂ ಹೋಗಲಿ. ಸಿದ್ಧವಾಗಿ ಮುಗಿದದ್ದನ್ನು ಮತ್ತೆ ಯಾಕೆ ಒರೆಗೆ ಹಚ್ಚುತ್ತೀರಿ?

ವಿಜಯಪುರದಿಂದ:
ಸಿದ್ಧಾಂತ ಹೋಗಲಿ, ಒಪ್ಪಿದೆ. ತಲೆಬರಹ ಅದಿಲ್ಲದೆಯೂ ನಿಲ್ಲುತ್ತದೆ. ಆದರೆ ಸರ್, ದವಾಖಾನೆ ಎಂದು ಬರೆದವರು ನೀವೇ. ಅದು ಪಾರಸಿಯಿಂದ ಬಂದದ್ದು. ಎಕ್ಸ್‌ರೇ ಇಂಗ್ಲಿಷಿನದು. ಅವೆರಡೂ ನಮ್ಮವಾಗಬಹುದು, ಗುರುತ್ವ ಮಾತ್ರ ಪರಕೀಯವೇ? ಎಲ್ಲಿಂದ ಬಂತು ಎನ್ನುವುದಕ್ಕಿಂತ ಹೇಳಬೇಕಾದ್ದನ್ನು ಸರಿಯಾಗಿ ಹೇಳುತ್ತದಾ ಎಂದು ನೋಡಬೇಕು. ಈ ಕಡೆ ಸಾವಿರ ಪದಗಳು ಹೀಗೇ ಬಂದು ಕೂತಿವೆ.

ಬೆಳಗಾವಿಯಿಂದ:
ಜನ ಬಾಯಲ್ಲಿ ತಂದದ್ದು ಬೇರೆ, ಪಠ್ಯಪುಸ್ತಕ ಹೇರಿದ್ದು ಬೇರೆ. ಇದರ ಮೇಲೆ ನನಗೆ ಮಾತಿಲ್ಲ.

ಜಮಖಂಡಿಯಿಂದ:
'ಎಕ್ಸ್‌ರೇ ದೂರದರ್ಶಕದಿಂದ ಗುರುತ್ವವನ್ನು ಒರೆಗೆ ಹಚ್ಚುವುದು' ಎಂದು ಕಳಿಸಿದೆ. ಇಬ್ಬರಿಗೂ ಧನ್ಯವಾದ. ಈಗ ಅಂಗಡಿಯಿಂದ ಫೋನ್ ಬಂದಿದೆ, ಅವರ ಕಂಪ್ಯೂಟರಿನಲ್ಲಿ 'ತ್ವ' ಒಡೆದು ಕಾಣುತ್ತಿದೆಯಂತೆ. ಈ ಸಾಲನ್ನು 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿ ಯಾರಾದರೂ ಬೇಗ ಕಳಿಸುತ್ತೀರಾ?