2029ರ ಏಪ್ರಿಲ್ ನಂತರ ಅಪೋಫಿಸ್‌ನ ಸ್ಥಾನ ತಾಳೆಯಾಗುತ್ತಿಲ್ಲ

ಪ್ರಶ್ನೆ:
ಅಪೋಫಿಸ್ ಕ್ಷುದ್ರಗ್ರಹದ ಈಗಿನ ಕಕ್ಷೆಯ ಅಂಶಗಳನ್ನು (ಕಕ್ಷೆಯ ಗಾತ್ರ, ಆಕಾರ, ಓರೆ ಮುಂತಾದ ಸಂಖ್ಯೆಗಳನ್ನು) ತೆಗೆದುಕೊಂಡು, ದೀರ್ಘವೃತ್ತದ ಕಕ್ಷೆಯಲ್ಲಿ ಕಾಯ ಯಾವಾಗ ಎಲ್ಲಿರುತ್ತದೆ ಎಂದು ತಿಳಿಸುವ ಕೆಪ್ಲರ್ ಸಮೀಕರಣವನ್ನು ಬಿಡಿಸಿ ಅದರ ಸ್ಥಾನವನ್ನು ಹೇಳುವ ಪ್ರೋಗ್ರಾಮ್ ಒಂದನ್ನು ಪೈಥಾನ್‌ನಲ್ಲಿ ಬರೆದಿದ್ದೇನೆ. ಆಕಾಶಕಾಯಗಳ ಸ್ಥಾನ ಲೆಕ್ಕಹಾಕಿಕೊಡುವ ನಾಸಾದ ಆನ್‌ಲೈನ್ ಸೇವೆ ಹೊರೈಜನ್ಸ್ ಕೊಡುವ ಸ್ಥಾನಗಳೊಂದಿಗೆ ಹೋಲಿಸಿದರೆ 2029ರ ಮಾರ್ಚ್‌ವರೆಗೆ ವ್ಯತ್ಯಾಸ ಅಲ್ಪವೇ ಇದೆ. ಏಪ್ರಿಲ್ 13 ದಾಟಿದ ಮೇಲೆ ಎರಡಕ್ಕೂ ಸಂಬಂಧವೇ ಇಲ್ಲದಂತಾಗುತ್ತದೆ. ಸಮೀಕರಣವನ್ನು ಇನ್ನಷ್ಟು ನಿಖರವಾಗಿ ಬಿಡಿಸಿದರೂ ಪ್ರಯೋಜನವಾಗಲಿಲ್ಲ. ದೋಷ ಎಲ್ಲಿರಬಹುದು?

ಉತ್ತರ:
ದೋಷ ಕೋಡ್‌ನಲ್ಲಿರುವಂತೆ ಕಾಣುವುದಿಲ್ಲ. ಅಂಶಗಳ ಎಪಾಕ್ ದಿನದಂದೇ (ಅವು ಯಾವ ದಿನಕ್ಕೆ ಅನ್ವಯಿಸುತ್ತವೋ ಆ ದಿನದಂದೇ) ಸ್ಥಾನ ತಪ್ಪಿದ್ದರೆ, ಡಿಗ್ರಿ ಮತ್ತು ರೇಡಿಯನ್‌ಗಳು ಅದಲುಬದಲಾಗಿವೆಯೇ, ಕ್ರಾಂತಿವೃತ್ತದಿಂದ (ಭೂಮಿಯ ಕಕ್ಷೆಯ ಸಮತಲದಿಂದ) ವಿಷುವದ್ವೃತ್ತಕ್ಕೆ (ಭೂಮಧ್ಯರೇಖೆಯ ಸಮತಲಕ್ಕೆ) ಬರುವಾಗ 23.44 ಡಿಗ್ರಿಯ ಓರೆ ಬಿಟ್ಟುಹೋಗಿದೆಯೇ ಎಂದು ಹುಡುಕಬೇಕಾಗಿತ್ತು. ನಿಮ್ಮ ಲೆಕ್ಕ ಕೈಕೊಡುವುದು ಒಂದು ನಿರ್ದಿಷ್ಟ ದಿನದಿಂದ. ಅಂದು ಸುಮಾರು 340 ಮೀಟರ್ ಅಡ್ಡಳತೆಯ ಈ ಬಂಡೆ ಭೂಮಿಯ ಮೇಲ್ಮೈಯಿಂದ ಸುಮಾರು 32,000 ಕಿ.ಮೀ. ಎತ್ತರದಲ್ಲಿ, ಅಂದರೆ ಭೂಸ್ಥಿರ ಉಪಗ್ರಹಗಳಿಗಿಂತಲೂ ಹತ್ತಿರದಲ್ಲಿ ಹಾದುಹೋಗುತ್ತದೆ. ಕೆಪ್ಲರ್ ಸಮೀಕರಣಕ್ಕೆ ಗೊತ್ತಿರುವುದು ಸೂರ್ಯನ ಸೆಳೆತ ಮಾತ್ರ. ಭೂಮಿಯ ಸೆಳೆತವೋ ಅಪೋಫಿಸ್‌ನ ಅರೆ ದೀರ್ಘಾಕ್ಷವನ್ನು (ದೀರ್ಘವೃತ್ತದ ಉದ್ದದ ಅರ್ಧವನ್ನು) 0.92 ಖಗೋಳಮಾನದಿಂದ (ಒಂದು ಖಗೋಳಮಾನವೆಂದರೆ ಸೂರ್ಯ-ಭೂಮಿಯ ಸರಾಸರಿ ದೂರ) ಸುಮಾರು 1.1ಕ್ಕೆ ಹಿಗ್ಗಿಸಿ, 324 ದಿನಗಳ ಪರಿಭ್ರಮಣ ಅವಧಿಯನ್ನು ಒಂದು ವರ್ಷಕ್ಕಿಂತ ದೀರ್ಘವಾಗಿಸಿ, ಅದನ್ನು ಭೂಮಿಗಿಂತ ಚಿಕ್ಕ ಕಕ್ಷೆಯ ಕ್ಷುದ್ರಗ್ರಹಗಳ ಅಟೆನ್ ಗುಂಪಿನಿಂದ ದೊಡ್ಡ ಕಕ್ಷೆಯವುಗಳ ಅಪೊಲೊ ಗುಂಪಿಗೆ ಸೇರಿಸಿಬಿಡುತ್ತದೆ. ಅಲ್ಲಿಂದಾಚೆಗೂ ನಿಮ್ಮ ಪ್ರೋಗ್ರಾಮ್ ಹಳೆಯ ದೀರ್ಘವೃತ್ತದಲ್ಲೇ ಅದನ್ನು ಸುತ್ತಿಸುತ್ತಿದೆ.

ಸುಲಭದ ದಾರಿಯೆಂದರೆ, ಸಾಮೀಪ್ಯದ ನಂತರದ ಎಪಾಕ್ ಇರುವ ಅಂಶಗಳನ್ನು ಹೊರೈಜನ್ಸ್‌ನಿಂದಲೇ ಪಡೆದು ಆ ಅವಧಿಗೆ ಬಳಸುವುದು. ಆ ದಿನವನ್ನೂ ಸೇರಿಸಿ ಲೆಕ್ಕ ಹಾಕಬೇಕೆಂದಿದ್ದರೆ ಸೂರ್ಯ, ಗ್ರಹಗಳು ಹಾಗೂ ಚಂದ್ರನ ಸೆಳೆತವನ್ನು ಹೆಜ್ಜೆಹೆಜ್ಜೆಯಾಗಿ ಕೂಡಿಸುತ್ತ ಹೋಗಬೇಕು. ಚಂದ್ರನನ್ನು ಬಿಡಬೇಡಿ. ಹೆಜ್ಜೆಯ ಅಳತೆಯನ್ನು ಒಂದು ದಿನಕ್ಕೆ ನಿಗದಿಗೊಳಿಸಿದರೂ ಕೆಲಸ ಕೆಡುತ್ತದೆ: ಭೂಮಿಯ ಬಳಿ ಅಪೋಫಿಸ್‌ನ ಸಾಪೇಕ್ಷ ವೇಗ ಸೆಕೆಂಡಿಗೆ ಸುಮಾರು 7.4 ಕಿ.ಮೀ. ಇರುವುದರಿಂದ ಅದು ಒಂದೇ ದಿನದಲ್ಲಿ ಐದು ಲಕ್ಷ ಕಿ.ಮೀ.ಗೂ ಹೆಚ್ಚು ಸಾಗಿ, ಇಡೀ ಘಟನೆ ಎರಡು ಹೆಜ್ಜೆಗಳ ನಡುವೆ ಕಳೆದುಹೋಗುತ್ತದೆ. ರಿಬೌಂಡ್ ಎಂಬ ಪೈಥಾನ್ ಲೈಬ್ರರಿಯ ಐಎಎಸ್15 ವಿಧಾನ ಅಗತ್ಯಕ್ಕೆ ತಕ್ಕಂತೆ ಹೆಜ್ಜೆಯನ್ನು ತಾನೇ ಕಿರಿದುಗೊಳಿಸುತ್ತದೆ. ಯಾರ್ಕೋವ್‌ಸ್ಕಿ ಪರಿಣಾಮದ (ಬಿಸಿಲಿನ ಶಾಖವನ್ನು ಹೊರಸೂಸುವಾಗ ಬಂಡೆಗೆ ಸಿಗುವ ಸಣ್ಣ ತಳ್ಳುವಿಕೆಯ) ಗೋಜಿಗೆ ಸದ್ಯಕ್ಕೆ ಹೋಗಬೇಕಾಗಿಲ್ಲ. ಈ ಪ್ರಮಾಣದ ವ್ಯತ್ಯಾಸಕ್ಕೆ ಅದು ಕಾರಣವಲ್ಲ.

ಮರುಪ್ರಶ್ನೆ:
ಧನ್ಯವಾದಗಳು. ರಿಬೌಂಡ್ ಬಳಸಿದ ಮೇಲೆ ಮೇ ತಿಂಗಳ ಸ್ಥಾನಗಳು ಚೆನ್ನಾಗಿ ಹೊಂದುತ್ತಿವೆ. ಆದರೆ ಏಪ್ರಿಲ್ 13ರ ರಾತ್ರಿಯ ಸ್ಥಾನದಲ್ಲಿ ಮಾತ್ರ ಇನ್ನೂ ಕೆಲವು ಡಿಗ್ರಿಗಳ ಅಂತರ ಉಳಿದಿದೆ.

ಉತ್ತರ:
ಹೊರೈಜನ್ಸ್‌ನಲ್ಲಿ ವೀಕ್ಷಣಾ ಸ್ಥಳವಾಗಿ ನಿಮ್ಮ ಊರನ್ನು ಕೊಟ್ಟಿದ್ದೀರಾ ಎಂದು ನೋಡಿ. ನಿಮ್ಮ ಪ್ರೋಗ್ರಾಮ್ ಭೂಕೇಂದ್ರದಿಂದ ಕಾಣುವ ಸ್ಥಾನವನ್ನು ಹೇಳುತ್ತಿರಬೇಕು. ಭೂಕೇಂದ್ರದಿಂದ 38,000 ಕಿ.ಮೀ. ದೂರದಲ್ಲಿರುವ ಕಾಯಕ್ಕೆ ಈ ಪ್ಯಾರಲಾಕ್ಸ್ (ನೋಡುವ ಜಾಗ ಬದಲಾದಾಗ ಕಾಣುವ ಸ್ಥಾನಪಲ್ಲಟ) ಒಂದೇ ಹತ್ತು ಡಿಗ್ರಿಯ ಹತ್ತಿರಕ್ಕೆ ಹೋಗಬಲ್ಲದು. ಎರಡೂ ಕಡೆ ಭೂಕೇಂದ್ರವನ್ನೇ ಇಟ್ಟು ಮೊದಲು ಹೋಲಿಸಿ, ಆಮೇಲೆ ಅಕ್ಷಾಂಶ, ರೇಖಾಂಶಗಳ ತಿದ್ದುಪಡಿಯನ್ನು ಸೇರಿಸಿ.