ಇಚ್‌ನಲ್ಲಿ ಆಟ ಮಾರಾಟ: ಹೊರದೇಶದವರ ಹಣ ಬರುತ್ತಿದೆ, ಭಾರತದವರ ಪಾವತಿ ಫೇಲ್ ಆಗುತ್ತಿದೆ

ಹುಣಸೆಬೀಜ:
ಎಲ್ಲರಿಗೂ ನಮಸ್ಕಾರ. ಅಳಗುಳಿಮಣೆಯನ್ನು ಕಂಪ್ಯೂಟರ್ ಆಟವಾಗಿ ಮಾಡಿದ್ದೇನೆ. ಗೋಡೋ ಅನ್ನುವ, ಆಟ ತಯಾರಿಸುವ ಸಾಫ್ಟ್‌ವೇರ್‌ನಲ್ಲಿ ಬರೆದದ್ದು, ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ ಓಡುತ್ತದೆ. 14 ಗುಳಿ, ಹುಣಸೆಬೀಜ, ಬೀಜ ಹಾಕುವಾಗ ನಮ್ಮಜ್ಜಿಯ ದನಿಯಲ್ಲೇ ಎಣಿಕೆ. ಒಂದೂವರೆ ವರ್ಷ ಕೆಲಸ ಮುಗಿಸಿ ಬಂದ ಮೇಲೆ ಸಂಜೆ ಕೂತು ಮಾಡಿದ್ದು. ಎರಡು ವಾರದ ಹಿಂದೆ ಇಚ್.ಐಒ ಅನ್ನುವ, ಆಟ ಮಾರುವ ತಾಣದಲ್ಲಿ 3 ಡಾಲರ್ ಬೆಲೆ ಇಟ್ಟು ಹಾಕಿದೆ.

ನ್ಯೂಜೆರ್ಸಿಯಲ್ಲಿರುವ ಅಕ್ಕನ ಗೆಳತಿಯರು ಕೊಂಡರು. ಸಿಂಗಪುರದಿಂದ ಒಬ್ಬರು ಕೊಂಡರು. ಹಣ ಸರಿಯಾಗಿ ಬಂತು. ಆದರೆ ಹುಬ್ಬಳ್ಳಿಯ ಚಿಕ್ಕಪ್ಪನ ಮಗನಿಗೆ, ಬೆಂಗಳೂರಿನ ಆಫೀಸಿನವರಿಗೆ, ಯಾರಿಗೂ ಆಗುತ್ತಿಲ್ಲ. ಆನ್‌ಲೈನ್ ಪಾವತಿ ಸೇವೆ ಪೇಪಾಲ್ ತನಕ ಹೋಗಿ, ಈ ಮಾರಾಟಗಾರರಿಗೆ ಹಣ ಕಳುಹಿಸಲು ಆಗುವುದಿಲ್ಲ ಅನ್ನುವ ಅರ್ಥದ ಸಂದೇಶ ಬರುತ್ತದೆ. ಕಾರ್ಡ್ ಬದಲಿಸಿದರು, ಬ್ರೌಸರ್ ಬದಲಿಸಿದರು. ನಾನು ಆಟದ ಪುಟವನ್ನೇ ಅಳಿಸಿ ಹೊಸದಾಗಿ ಮಾಡಿದೆ. ಏನೂ ಬದಲಾಗಲಿಲ್ಲ. ಕನ್ನಡದ ಆಟ, ಊರಿನವರಿಗೇ ಕೊಳ್ಳಲು ಆಗುತ್ತಿಲ್ಲ ಅಂದರೆ ತುಂಬಾ ಬೇಜಾರಾಗುತ್ತದೆ. ಎಲ್ಲಿ ತಪ್ಪಿದೆ ಅಂತ ಗೊತ್ತಿದ್ದವರು ಹೇಳಿ.

ರಾತ್ರಿಪಾಳಿ:
ಎರಡು ವಿಷಯ ಹೇಳಿ. ಇಚ್‌ನ ಪಬ್ಲಿಷರ್ ಸೆಟ್ಟಿಂಗ್‌ನಲ್ಲಿ ಪೇಮೆಂಟ್ ಮೋಡ್ ಯಾವುದಿದೆ? ಹಣ ನೇರ ನಿಮ್ಮ ಖಾತೆಗೆ ಬರುವುದೊಂದು, ತಾಣವೇ ಸಂಗ್ರಹಿಸಿ ಆಮೇಲೆ ಕೊಡುವುದೊಂದು. ಮತ್ತೆ ನಿಮ್ಮ ಪೇಪಾಲ್ ಖಾತೆ ಭಾರತದ್ದೇ ಅಲ್ವಾ?

ಹುಣಸೆಬೀಜ:
ನೇರ ಬರುವುದು. ಹಣ ಬೇಗ ಸಿಗಲಿ ಅಂತ ಅದನ್ನು ಆರಿಸಿದೆ. ಪೇಪಾಲ್ ಭಾರತದ್ದೇ.

ರಾತ್ರಿಪಾಳಿ:
ಹಾಗಾದರೆ ಕಾರಣ ಅದೇ. ನಿಮ್ಮ ಪುಟದಲ್ಲಿ ತಪ್ಪಿಲ್ಲ, ಕೊಳ್ಳುವವರ ಕಾರ್ಡಿನಲ್ಲೂ ತಪ್ಪಿಲ್ಲ. 2021ರ ಏಪ್ರಿಲ್ 1ರಿಂದ ಪೇಪಾಲ್ ಭಾರತದೊಳಗಿನ ಪಾವತಿ ಸೇವೆಯನ್ನು ನಿಲ್ಲಿಸಿದೆ. ಇಲ್ಲಿನ ಖಾತೆಗೆ ಹೊರದೇಶದಿಂದ ಹಣ ಬರಬಹುದು, ಇಲ್ಲಿಂದ ಹೊರದೇಶಕ್ಕೆ ಹೋಗಬಹುದು. ಇಲ್ಲಿಂದ ಇಲ್ಲಿಗೆ ಮಾತ್ರ ಆಗುವುದಿಲ್ಲ. ನೇರ ಮೋಡ್‌ನಲ್ಲಿ ಮಾರುವವರು ನೀವು. ನಿಮ್ಮ ಚಿಕ್ಕಪ್ಪನ ಮಗ ಹುಬ್ಬಳ್ಳಿಯಿಂದ ನಿಮಗೇ ಹಣ ಕಳುಹಿಸಿದ ಹಾಗೆ ಆಗುತ್ತದೆ. ಅದಕ್ಕೇ ತಡೆ.

ಮೋಡ್ ಬದಲಿಸಿ, ತಾಣವೇ ಸಂಗ್ರಹಿಸುವುದನ್ನು ಆರಿಸಿ. ಆಗ ಕೊಳ್ಳುವವರು ಹಣ ಕೊಡುವುದು ಇಚ್‌ಗೆ, ಅಂದರೆ ಅಮೆರಿಕದ ಕಂಪನಿಗೆ. ಪೇಪಾಲ್ ನಡೆಯುತ್ತದೆ, ಕಾರ್ಡೂ ನಡೆಯುತ್ತದೆ. ಆಮೇಲೆ ಅವರು ನಿಮಗೆ ಒಟ್ಟಿಗೆ ಕಳುಹಿಸುವುದು ಹೊರದೇಶದಿಂದ ಬರುವ ಪಾವತಿ, ಅದಕ್ಕೆ ಅಡ್ಡಿಯಿಲ್ಲ. ಮೊದಲು ತೆರಿಗೆ ಪ್ರಶ್ನೆಗಳ ಫಾರ್ಮ್ ತುಂಬಬೇಕು. ಪ್ಯಾನ್ ನಂಬರ್ ಕೈಯಲ್ಲಿ ಇಟ್ಟುಕೊಳ್ಳಿ. ಯುರೋಪಿನವರು ಕೊಂಡರೆ ಅಲ್ಲಿನ ವ್ಯಾಟ್ ಲೆಕ್ಕವನ್ನೂ ಈ ಮೋಡ್‌ನಲ್ಲಿ ತಾಣವೇ ನೋಡಿಕೊಳ್ಳುತ್ತದೆ. ಒಬ್ಬರೇ ಕೂತು ಆಟ ಮಾಡುವವರಿಗೆ ಅದು ದೊಡ್ಡ ಸಹಾಯ.

ದುಡ್ಡಿನ ಲೆಕ್ಕವನ್ನೂ ಹೇಳುತ್ತೇನೆ. ನೇರ ಮೋಡ್‌ನಲ್ಲಿ ಪ್ರತಿ ಮಾರಾಟಕ್ಕೂ ಪೇಪಾಲ್ ಶುಲ್ಕ ಬೀಳುತ್ತದೆ. ಹೊರದೇಶದ ಪಾವತಿಗೆ ಶೇ. 4.4, ಅದರ ಮೇಲೆ 30 ಸೆಂಟ್. 3 ಡಾಲರಿಗೆ ಅದೇ 43 ಸೆಂಟ್ ಆಯಿತು. ಇಚ್‌ನ ಪಾಲು ನಾವೇ ಬದಲಿಸಬಹುದು, ಹಾಗೇ ಬಿಟ್ಟರೆ ಶೇ. 10, ಅಂದರೆ 30 ಸೆಂಟ್. ಉಳಿಯುವುದು 2.27 ಡಾಲರ್. ಡಾಲರ್ ರೂಪಾಯಿ ಆಗುವಾಗ ಇನ್ನಷ್ಟು ಹೋಗುತ್ತದೆ. ಬೆಲೆಯನ್ನು 1 ಡಾಲರಿಗೆ ಇಳಿಸಿದರೆ ಹೆಚ್ಚುಕಡಿಮೆ ಅರ್ಧವೇ ಹೋಗುತ್ತದೆ. ಜನ ಕೊಳ್ಳುತ್ತಿಲ್ಲ ಅಂತ ಬೆಲೆ ಇಳಿಸಲು ಮಾತ್ರ ಹೋಗಬೇಡಿ. ಅವರನ್ನು ತಡೆದದ್ದು ಬೆಲೆಯಲ್ಲ.

ಹುಣಸೆಬೀಜ:
ಮೋಡ್ ಬದಲಿಸಿದೆ! ಆಫೀಸಿನ ಒಬ್ಬರು ಈಗಷ್ಟೇ ಕಾರ್ಡಿನಲ್ಲಿ ಕೊಂಡರು. ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಆದರೆ ಚಿಕ್ಕಪ್ಪನ ಮಗನಿಗೆ ಇನ್ನೂ ಆಗುತ್ತಿಲ್ಲ. ಕಾರ್ಡ್ ಡಿಕ್ಲೈನ್ ಅಂತ ಬರುತ್ತದೆ, ಒಟಿಪಿಯೇ ಬರುವುದಿಲ್ಲ. ಖಾತೆಯಲ್ಲಿ ದುಡ್ಡಿದೆ.

ತುಂಗಾತೀರ:
ಒಟಿಪಿಗೂ ಮೊದಲೇ ನಿಂತರೆ ಸಾಮಾನ್ಯವಾಗಿ ಕಾರಣ ಬ್ಯಾಂಕಿನ ಸ್ವಿಚ್. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡ್ ಕೈಗೆ ಬರುವಾಗ ದೇಶದೊಳಗಿನ ಎಟಿಎಂ ಮತ್ತು ಅಂಗಡಿ ಬಳಕೆಗೆ ಮಾತ್ರ ತೆರೆದಿರುತ್ತದೆ. ಆನ್‌ಲೈನ್ ಮತ್ತು ಹೊರದೇಶದ ಪಾವತಿಯನ್ನು ನಾವೇ ಆನ್ ಮಾಡಬೇಕು. ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡ್ ಸೆಟ್ಟಿಂಗ್‌ಗೆ ಹೋಗಿ ಇಂಟರ್‌ನ್ಯಾಷನಲ್ ಆನ್ ಮಾಡಲಿ, ಮಿತಿಯನ್ನು 500 ರೂಪಾಯಿಗೆ ಇಡಲಿ, ಕೊಂಡ ಮೇಲೆ ಆಫ್ ಮಾಡಲಿ. ಹಾಗೇ ಬಿಡುವುದು ಬೇಡ. ರುಪೇ ಕಾರ್ಡ್ ಆಗಿದ್ದರೆ ಈ ದಾರಿಯನ್ನೇ ಬಿಡಿ, ಹೊರದೇಶದ ಬಹಳಷ್ಟು ತಾಣಗಳು ಅದನ್ನು ತೆಗೆದುಕೊಳ್ಳುವುದಿಲ್ಲ.

ಆದರೆ ಒಂದು ಮಾತು. 250 ರೂಪಾಯಿಯ ಆಟಕ್ಕೆ ಜನ ಇಷ್ಟೆಲ್ಲ ಮಾಡುವುದಿಲ್ಲ, ಮಾಡಬೇಕು ಅಂತ ಕೇಳುವುದೂ ಸರಿಯಲ್ಲ. ನಮ್ಮೂರಿನಲ್ಲಿ ಸೊಪ್ಪಿನವರ ಗಾಡಿಯಲ್ಲೂ ಯುಪಿಐ ಇದೆ. ನಿಮ್ಮ ಆಟಕ್ಕೂ ಯುಪಿಐ ಇರಬೇಕು.

ನಾನು ಮಾಡಿದ ರೀತಿ ಹೇಳುತ್ತೇನೆ. ಇಚ್‌ನಲ್ಲಿ ನಿಮ್ಮ ಆಟಕ್ಕೆ ಡೌನ್‌ಲೋಡ್ ಕೀ, ಅಂದರೆ ಆಟ ಇಳಿಸಿಕೊಳ್ಳಲು ಒಬ್ಬೊಬ್ಬರಿಗೆ ಕೊಡುವ ಲಿಂಕ್, ತಯಾರಿಸುವ ಜಾಗ ಇದೆ. ಒಂದು 50 ಕೀ ಮಾಡಿಟ್ಟುಕೊಳ್ಳಿ. ಹಣವನ್ನು ಯುಪಿಐಯಲ್ಲಿ ಬೇರೆಯಾಗಿ ತೆಗೆದುಕೊಂಡು ಒಬ್ಬರಿಗೆ ಒಂದು ಕೀ ಮೇಲ್ ಮಾಡಿ. ಮೊದಲ ಹತ್ತಿಪ್ಪತ್ತು ಜನಕ್ಕೆ ಸ್ವಂತ ಕ್ಯೂಆರ್ ಸಾಕು. ಸ್ಕ್ರೀನ್‌ಶಾಟ್ ನೋಡಿ ಕೀ ಕಳುಹಿಸಬೇಡಿ, ಸುಳ್ಳು ಸ್ಕ್ರೀನ್‌ಶಾಟ್ ಮಾಡುವುದು ತುಂಬಾ ಸುಲಭ. ಬ್ಯಾಂಕ್ ಆ್ಯಪ್‌ನಲ್ಲಿ ಹಣ ಬಂದದ್ದನ್ನು ನೋಡಿಯೇ ಕಳುಹಿಸಿ. ಯಾವ ಕೀ ಯಾರಿಗೆ ಹೋಯಿತು ಅಂತ ಒಂದು ಶೀಟ್‌ನಲ್ಲಿ ಬರೆದಿಡಿ.

ಜಾಸ್ತಿ ಜನ ಬಂದರೆ ಪೇಮೆಂಟ್ ಗೇಟ್‌ವೇ, ಅಂದರೆ ನಮ್ಮ ಪರವಾಗಿ ಆನ್‌ಲೈನ್‌ನಲ್ಲಿ ಹಣ ತೆಗೆದುಕೊಳ್ಳುವ ಕಂಪನಿ ಬೇಕು. ರೇಜರ್‌ಪೇ, ಕ್ಯಾಶ್‌ಫ್ರೀ ತರಹದವು. ಸಾಮಾನ್ಯವಾಗಿ ಶೇ. 2ರ ಆಸುಪಾಸು ಶುಲ್ಕ, ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ. ಅಂದರೆ 250 ರೂಪಾಯಿಗೆ ಸುಮಾರು 6 ರೂಪಾಯಿ. ಆ ಡಾಲರ್ ಲೆಕ್ಕದ ಪಕ್ಕ ಇದನ್ನು ಇಟ್ಟು ನೋಡಿ. ನಾನು ಅರ್ಜಿ ಹಾಕಿದ ಮೊದಲ ಕಂಪನಿ 'ಗೇಮ್' ಅನ್ನುವ ಪದ ನೋಡಿಯೇ ತಿರಸ್ಕರಿಸಿತು. ಹಣ ಕಟ್ಟಿ ಆಡುವ ಆಟ ಅಂದುಕೊಂಡರು. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಅಂಥ ಆಟಗಳನ್ನು ನಿಷೇಧಿಸಿದೆ, ಈಗ ಎಲ್ಲರೂ ಇನ್ನೂ ಜಾಗ್ರತೆಯಾಗಿರುತ್ತಾರೆ. ಅರ್ಜಿಯಲ್ಲೇ ಬಿಡಿಸಿ ಬರೆಯಿರಿ: ಒಂದೇ ಸಲ ಕೊಂಡು ಡೌನ್‌ಲೋಡ್ ಮಾಡುವ ಸಾಫ್ಟ್‌ವೇರ್, ಬಾಜಿ ಇಲ್ಲ, ಬಹುಮಾನದ ಹಣ ಇಲ್ಲ. ಪುಟದಲ್ಲಿ ಹಣ ವಾಪಸಿನ ನಿಯಮ ಮತ್ತು ಸಂಪರ್ಕದ ಮೇಲ್ ಇರಲಿ, ಅದನ್ನು ಕೇಳಿಯೇ ಕೇಳುತ್ತಾರೆ. ನನಗೆ ಎರಡನೆಯ ಕಡೆ ಹೀಗೆ ಬರೆದ ಮೇಲೆ ಒಪ್ಪಿಗೆ ಸಿಕ್ಕಿತು.

ಹುಣಸೆಬೀಜ:
ಚಿಕ್ಕಪ್ಪನ ಮಗನದ್ದು ರುಪೇ ಕಾರ್ಡೇ! ಇವತ್ತೇ ಕ್ಯೂಆರ್ ಹಾಕುತ್ತೇನೆ. ಇನ್ನೊಂದು ಪ್ರಶ್ನೆ: ಆಟ ಮಾರುವ ದೊಡ್ಡ ತಾಣ ಸ್ಟೀಮ್‌ಗೆ ಹೋದರೆ ಈ ತಾಪತ್ರಯ ಇರುವುದಿಲ್ಲವಾ?

ರಾತ್ರಿಪಾಳಿ:
ಕೊಳ್ಳುವವರಿಗೆ ಇರುವುದಿಲ್ಲ. ಸ್ಟೀಮ್‌ನಲ್ಲಿ 2015ರಿಂದ ರೂಪಾಯಿ ಬೆಲೆ ಇದೆ, ಯುಪಿಐ ಮತ್ತು ನೆಟ್ ಬ್ಯಾಂಕಿಂಗ್ ನಡೆಯುತ್ತದೆ. ಆದರೆ ನೀವು ಆಟಕ್ಕೆ 100 ಡಾಲರ್ ಮೊದಲೇ ಕಟ್ಟಬೇಕು, ಮಾರಾಟ 1,000 ಡಾಲರ್ ಮುಟ್ಟಿದ ಮೇಲಷ್ಟೇ ಅದು ವಾಪಸ್. ಅವರ ಪಾಲು ಶೇ. 30. ಅಮೆರಿಕದ ಮಾರಾಟದಲ್ಲಿ ತೆರಿಗೆಯೂ ಹಿಡಿಯುತ್ತಾರೆ. ಫಾರ್ಮ್‌ನಲ್ಲಿ ಪ್ಯಾನ್ ಕೊಟ್ಟು ಭಾರತ-ಅಮೆರಿಕ ತೆರಿಗೆ ಒಪ್ಪಂದ ತೋರಿಸಿದರೆ ಶೇ. 15, ಇಲ್ಲದಿದ್ದರೆ ಶೇ. 30. ನಾನಾಗಿದ್ದರೆ ಇಚ್ ಮತ್ತು ಯುಪಿಐಯಲ್ಲಿ ಮೊದಲು ನೂರು ಪ್ರತಿ ಹೋಗಲಿ, ಅಲ್ಲಿ ಬಂದ ಹಣದಲ್ಲೇ ಸ್ಟೀಮ್‌ಗೆ ಕಟ್ಟೋಣ ಅನ್ನುತ್ತಿದ್ದೆ.

ಹುಣಸೆಬೀಜ:
ಯುಪಿಐಯಲ್ಲಿ ನಿನ್ನೆ ರಾತ್ರಿ 11 ಜನ ಕೊಂಡರು. ಚಿಕ್ಕಪ್ಪನ ಮಗನೇ ಮೊದಲು. ಶಿರಸಿಯಿಂದ ಒಬ್ಬರು ಹಣ ಕಳುಹಿಸಿ, ತಮ್ಮ ಅಮ್ಮನಿಗೆ ಆಡಿಸಬೇಕು, ಅಕ್ಷರ ದೊಡ್ಡದು ಮಾಡಲು ಬರುತ್ತದಾ ಅಂತ ಕೇಳಿದ್ದಾರೆ. ಅದನ್ನು ಈ ವಾರ ಸೇರಿಸುತ್ತೇನೆ. ಪುಟದ ತುದಿಯಲ್ಲಿ ಹೀಗೆ ಬರೆದಿದ್ದೇನೆ, ಸರಿಯಿದೆಯಾ ನೋಡಿ: "ಭಾರತದಲ್ಲಿದ್ದೀರಾ? ಕೆಳಗಿನ ಕ್ಯೂಆರ್‌ಗೆ ₹250 ಕಳುಹಿಸಿ, ನಿಮ್ಮ ಇಮೇಲ್ ತಿಳಿಸಿ. ಹಣ ಬಂದದ್ದನ್ನು ನೋಡಿ ಅದೇ ದಿನ ಕೀ ಕಳುಹಿಸುತ್ತೇನೆ. ಆಟ ನಿಮ್ಮ ಕಂಪ್ಯೂಟರಿನಲ್ಲಿ ಓಡದಿದ್ದರೆ 7 ದಿನದೊಳಗೆ ಹಣ ವಾಪಸ್."

ತುಂಗಾತೀರ:
ಸರಿಯಿದೆ. 'ಅದೇ ದಿನ' ಬದಲು '24 ಗಂಟೆಯೊಳಗೆ' ಅಂತ ಹಾಕಿ, ರಾತ್ರಿ ಹನ್ನೊಂದಕ್ಕೂ ಹಣ ಬರುತ್ತದೆ. ನನಗೂ ಒಂದು ಕೀ ಬೇಕು, ಕ್ಯೂಆರ್‌ಗೆ ಕಳುಹಿಸಿದ್ದೇನೆ.