ರೀಫ್ ಟ್ಯಾಂಕಿನ ಕಂದು ಲೋಳೆ: ಜಲಜೀವಿ ವೈದ್ಯೆಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಜಯನಗರ, ಬೆಂಗಳೂರು): ನಮಸ್ಕಾರ ಡಾಕ್ಟರ್. ನನ್ನದು 300 ಲೀಟರಿನ ರೀಫ್ ಟ್ಯಾಂಕ್, ಅಂದರೆ ಹವಳ ಬೆಳೆಸುವ ಉಪ್ಪುನೀರಿನ ಅಕ್ವೇರಿಯಂ. ಜೀವಿಗಳಿಲ್ಲದ ಒಣಕಲ್ಲಿನಿಂದ ಆರಂಭಿಸಿದ್ದು, ಮೃದು ಹವಳಗಳೂ ಎರಡು ಕ್ಲೌನ್ ಮೀನುಗಳೂ ಇವೆ. ಮಧ್ಯಾಹ್ನದ ಹೊತ್ತಿಗೆ ಮರಳಿನ ಮೇಲೂ ಕಲ್ಲಿನ ಮೇಲೂ ಗಾಳಿಗುಳ್ಳೆ ಸಿಕ್ಕಿಕೊಂಡ ಕಂದು ಲೋಳೆ ಎಳೆ ಎಳೆಯಾಗಿ ತೂಗಾಡುತ್ತದೆ. ಬೆಳಗ್ಗೆ ದೀಪ ಹೊತ್ತುವ ಮುನ್ನ ನೋಡಿದರೆ ಅದರಲ್ಲಿ ಮುಕ್ಕಾಲು ಪಾಲು ಕಾಣುವುದಿಲ್ಲ. ನೀರನ್ನು ಪದೇ ಪದೇ ಬದಲಾಯಿಸಿದೆ, ಜಿಎಫ್‌ಒ (ಫಾಸ್ಫೇಟ್ ಹೀರುವ ಕಬ್ಬಿಣದ ಹರಳು) ಹಾಕಿದೆ, ಆದರೂ ಹೆಚ್ಚುತ್ತಲೇ ಇದೆ. ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ. ಇಷ್ಟು ಶುದ್ಧವಾದ ನೀರಿನಲ್ಲಿ ಇದು ಏನು ತಿಂದು ಬದುಕುತ್ತಿದೆ?

ಉತ್ತರ: ಇದು ಡೈನೋಫ್ಲಾಜೆಲೇಟ್, ಚಿಕ್ಕದಾಗಿ ಡೈನೋ, ಎಂಬ ಏಕಕೋಶ ಜೀವಿಯಿರಬೇಕು. ನೀರು ಅಷ್ಟು ಶುದ್ಧವಾಗಿರುವುದರಿಂದಲೇ ಇದು ಬೆಳೆಯುತ್ತಿದೆ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗೆ ಇಳಿದಾಗ ಹಸಿರು ಪಾಚಿ, ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಮತ್ತು ಕಲ್ಲಿನ ಮೇಲಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಹಸಿವಿನಿಂದ ಹಿಂದೆ ಸರಿಯುತ್ತವೆ. ಡೈನೋಫ್ಲಾಜೆಲೇಟ್‌ಗಳಿಗೆ ಆ ತೊಂದರೆ ಕಡಿಮೆ. ಅವುಗಳಲ್ಲಿ ಅನೇಕವು ಬೆಳಕಿನಿಂದಲೂ ಬದುಕುತ್ತವೆ, ಬ್ಯಾಕ್ಟೀರಿಯಾಗಳನ್ನು ನುಂಗಿಯೂ ಬದುಕುತ್ತವೆ. ಒಣಕಲ್ಲಿನ ಹೊಸ ಟ್ಯಾಂಕಿನಲ್ಲಿ ಎದುರಾಳಿಗಳೇ ಇಲ್ಲದ ಕಾರಣ ಜಾಗವೆಲ್ಲ ಅವುಗಳದಾಗುತ್ತದೆ. ಹೊಸ ನೀರು ಹಾಕಿದಾಗಲೆಲ್ಲ ಉಪ್ಪಿನೊಂದಿಗೆ ಬರುವ ಸೂಕ್ಷ್ಮ ಧಾತುಗಳು ಅವಕ್ಕೇ ಉಪಯೋಗವಾಗುತ್ತವೆ.

ಆದ್ದರಿಂದ ಜಿಎಫ್‌ಒ ತೆಗೆಯಿರಿ, ನೀರು ಬದಲಾಯಿಸುವುದನ್ನು ನಿಲ್ಲಿಸಿ, ಪೋಷಕಾಂಶ ಇಳಿಸಲೆಂದು ವೋಡ್ಕಾ ಅಥವಾ ವಿನೆಗರ್ ಹಾಕುತ್ತಿದ್ದರೆ ಅದನ್ನೂ ಬಿಡಿ. ನೈಟ್ರೇಟನ್ನು 5ರಿಂದ 10 ಪಿಪಿಎಂಗೂ (ಲೀಟರಿಗೆ ಮಿಲಿಗ್ರಾಂ), ಫಾಸ್ಫೇಟನ್ನು 0.05ರಿಂದ 0.1 ಪಿಪಿಎಂಗೂ ಏರಿಸಿ ಅಲ್ಲಿಯೇ ಹಿಡಿದಿಡಬೇಕು. ನಿಮ್ಮ 300 ಲೀಟರಿಗೆ 5 ಪಿಪಿಎಂ ನೈಟ್ರೇಟ್ ಏರಿಸಲು ಸುಮಾರು 2 ಗ್ರಾಂ ಶುದ್ಧ ಸೋಡಿಯಂ ನೈಟ್ರೇಟ್ ಸಾಕು. ಅದನ್ನು ಆರ್‌ಒ ನೀರಿನಲ್ಲಿ ಕರಗಿಸಿ, ಎರಡು ಮೂರು ದಿನಗಳಲ್ಲಿ ಹಂಚಿ ಹಾಕಿ. ಫಾಸ್ಫೇಟ್ ವಿಷಯದಲ್ಲಿ ತಾಳ್ಮೆ ಬೇಕು. ಒಣಕಲ್ಲು ಅದನ್ನು ಹೀರಿಕೊಳ್ಳುವುದರಿಂದ ಇಂದು ಸಂಜೆ 0.08 ತೋರಿಸಿದ್ದು ನಾಳೆ ಬೆಳಗ್ಗೆ 0.01ಕ್ಕೆ ಇಳಿದಿರುತ್ತದೆ, ಕಲ್ಲಿನ ಹಸಿವು ತೀರುವವರೆಗೂ ದಿನವೂ ಅಳೆದು ಹಾಕುತ್ತಿರಬೇಕಾಗುತ್ತದೆ. ನಿಮ್ಮ ಮೀಟರು ಫಾಸ್ಫರಸ್ಸನ್ನು ಪಿಪಿಬಿಯಲ್ಲಿ (ಪಿಪಿಎಂನ ಸಾವಿರದಲ್ಲೊಂದು ಪಾಲು) ತೋರಿಸುವಂಥದ್ದಾದರೆ ಅಂಕಿಯನ್ನು 3.066ರಿಂದ ಗುಣಿಸಿ 1000ದಿಂದ ಭಾಗಿಸಿದಾಗ ಫಾಸ್ಫೇಟ್ ಪಿಪಿಎಂ ಸಿಗುತ್ತದೆ.

ಇದೆಲ್ಲದರ ಜೊತೆಗೆ, ಅದು ಯಾವ ಡೈನೋ ಎಂದು ತಿಳಿಯದೆ ಹಣ ಖರ್ಚು ಮಾಡಬೇಡಿ. ಮೊದಲು ಲೋಳೆಯನ್ನು ಟ್ಯಾಂಕಿನ ನೀರಿನೊಂದಿಗೆ ಬಾಟಲಿಯಲ್ಲಿ ಹಾಕಿ ಚೆನ್ನಾಗಿ ಕುಲುಕಿ, ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ, ಸೋಸಿದ ನೀರನ್ನು ಒಂದು ಗಂಟೆ ಬೆಳಕಿನಲ್ಲಿಡಿ. ಮತ್ತೆ ಎಳೆಗಟ್ಟಿದರೆ ಡೈನೋ ಎಂದು ಬಹುಮಟ್ಟಿಗೆ ಹೇಳಬಹುದು. ಆಮೇಲೆ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ಹಿಗ್ಗಿಸಿ ನೋಡಿ, ಮೊಬೈಲಿನಲ್ಲಿ ವಿಡಿಯೋ ತೆಗೆದು ಇಲ್ಲಿ ಹಾಕಿ. ಕಾಲೇಜಿನ ಪ್ರಯೋಗಾಲಯದ ಸಾಮಾನ್ಯ ಉಪಕರಣವೇ ಸಾಕು.

ಪ್ರಶ್ನೆ (ಹುಬ್ಬಳ್ಳಿ): ಮೇಡಂ, ನಮ್ಮ ಟ್ಯಾಂಕಿನಲ್ಲೂ ಕಂದು ಬಣ್ಣದ್ದು ಬಂದಿದೆ. ಏನು ಹಾಕಬೇಕು?

ಉತ್ತರ: ಮೇಲೆ ಬರೆದಿದ್ದೇನೆ, ಓದಿ. ನೈಟ್ರೇಟ್, ಫಾಸ್ಫೇಟ್ ಅಂಕಿಗಳನ್ನು ತಿಳಿಸದೆ ಔಷಧ ಕೇಳಬೇಡಿ.

ಪ್ರಶ್ನೆ (ಶಿರಸಿ): ಡಾಕ್ಟರ್, ಇನ್ನೊಂದು ಗುಂಪಿನಿಂದ ಬಂದ ಸಂದೇಶವನ್ನು ಇಲ್ಲಿ ಹಾಕುತ್ತಿದ್ದೇನೆ. "ಒಂದು ಚಿಟಿಕೆ ಮೈಲುತುತ್ತಕ್ಕೆ ಅರ್ಧ ಚಮಚ ಅರಿಶಿನ ಬೆರೆಸಿ ರಾತ್ರಿ ಟ್ಯಾಂಕಿಗೆ ಹಾಕಿದರೆ 24 ಗಂಟೆಯಲ್ಲಿ ಡೈನೋ ನಿರ್ಮೂಲ. ಎಲ್ಲರಿಗೂ ಹಂಚಿ." ಇದನ್ನು ಪ್ರಯತ್ನಿಸಬಹುದೇ?

ಉತ್ತರ: ಬೇಡ. ಮೈಲುತುತ್ತ ತಾಮ್ರದ ಲವಣ. ಸಿಗಡಿ, ಬಸವನಹುಳು, ಹವಳ ಎಲ್ಲವನ್ನೂ ಅದು ಕೊಲ್ಲುತ್ತದೆ. ಕಲ್ಲು ಮತ್ತು ಮರಳಿನಲ್ಲಿ ಇಂಗಿ ತಿಂಗಳುಗಟ್ಟಲೆ ನಿಧಾನವಾಗಿ ಹೊರಬರುತ್ತದೆ. ಹವಳದ ಮೈಯೊಳಗೆ ಇದ್ದುಕೊಂಡು ಅದಕ್ಕೆ ಆಹಾರ ಒದಗಿಸುವ ಝೋಆಕ್ಸಾಂಥೆಲ್ಲೆ ಕೂಡ ಡೈನೋಫ್ಲಾಜೆಲೇಟ್ ಜಾತಿಯದೇ. "ಎಲ್ಲ ಡೈನೋ ಸಾಯುತ್ತವೆ" ಎಂದು ಹೇಳುವ ಯಾವ ಔಷಧವಾದರೂ ಮೊದಲು ಬೀಳುವುದು ಯಾರ ಮೇಲೆ ಎಂದು ಯೋಚಿಸಿ. ಅರಿಶಿನದ ಬಗ್ಗೆ ಮಾತನಾಡುವ ಅಗತ್ಯವಿಲ್ಲ.

ಶಿರಸಿ ಸದಸ್ಯರು: ಕೊಳೆರೋಗಕ್ಕೆ ತಲೆತಲಾಂತರದಿಂದ ಅಡಿಕೆಗೆ ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆಯುತ್ತಿದ್ದೇವೆ. ತೋಟದ ಕೆರೆಯಲ್ಲಿ ಮೀನು ಸತ್ತದ್ದನ್ನು ನಾನು ಕಂಡಿಲ್ಲ.

ಉಡುಪಿ ಸದಸ್ಯರು: ಕೆರೆಯ ಮೀನಿಗೂ ಹವಳಕ್ಕೂ ವ್ಯತ್ಯಾಸ ತಿಳಿಯದವರು ಸಲಹೆ ಹಂಚಬಾರದು. ಇಷ್ಟಕ್ಕೂ ಈ ರಗಳೆಯೆಲ್ಲ ಪೊಟ್ಟಣದ ಉಪ್ಪಿನಿಂದ ಬಂದದ್ದು. ನಾನು ಮಲ್ಪೆಯಿಂದ ಸಮುದ್ರದ ನೀರನ್ನೇ ತರುತ್ತೇನೆ, ನನಗೆ ಒಮ್ಮೆಯೂ ಡೈನೋ ಬಂದಿಲ್ಲ.

ಜಯನಗರ ಸದಸ್ಯರು: ಹಾಗಾದರೆ ಬೆಂಗಳೂರಿನವರು ವಾರಕ್ಕೊಮ್ಮೆ ಘಟ್ಟ ಇಳಿಯಬೇಕೆ?

ಉತ್ತರ: ಉಡುಪಿಯವರ ಮಾತಿನಲ್ಲಿ ಅರ್ಧ ನಿಜವಿದೆ. ಸಮುದ್ರದ ನೀರಿನಲ್ಲಿ ಜೀವಂತ ಡಯಾಟಮ್, ಬ್ಯಾಕ್ಟೀರಿಯಾ ಮತ್ತು ಸಿಲಿಕೇಟ್ ಇರುವುದರಿಂದ ಡೈನೋಗೆ ಪೈಪೋಟಿ ಸಿಗುತ್ತದೆ. ಆದರೆ ಮಳೆಗಾಲದಲ್ಲಿ ನದಿಗಳ ನೀರು ಸೇರಿ ದಡದ ಬಳಿ ಉಪ್ಪಿನಂಶ ಇಳಿಯುತ್ತದೆ, ಬಂದರಿನ ಹತ್ತಿರ ಡೀಸೆಲ್ ಎಣ್ಣೆಯೂ ಇರುತ್ತದೆ. ಅಳೆಯದೆ ಸುರಿಯಬಾರದು. ಉಪ್ಪನ್ನು ದೂಷಿಸುವುದಕ್ಕೆ ಕಾರಣವಿಲ್ಲ.

ಉಡುಪಿ ಸದಸ್ಯರು: ನೇತ್ರಾಣಿಯ ಕಡೆಗೆ ಹೋಗುವ ದೋಣಿಯವರಿಗೆ ಹೇಳಿದರೆ ಒಂದು ಬಕೆಟ್ ಜೀವಂತ ಮರಳು, ನಾಲ್ಕು ಹವಳದ ಕಲ್ಲು ತಂದುಕೊಡುತ್ತಾರೆ. ಅದನ್ನು ಹಾಕಿದರೆ ಎಲ್ಲ ಸಮಸ್ಯೆಯೂ ಮುಗಿಯುತ್ತದೆ.

ಉತ್ತರ: ಅದು ಅಪರಾಧ. ಕಲ್ಲುಹವಳಗಳನ್ನು 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪರಿಶಿಷ್ಟಕ್ಕೆ ಸೇರಿಸಲಾಗಿದೆ. ಆರೋಗ್ಯವಾಗಿರುವ ಪರಿಚಿತರ ಟ್ಯಾಂಕಿನಿಂದ ಒಂದು ಹಿಡಿ ಮರಳನ್ನೋ ಸಣ್ಣ ಕಲ್ಲನ್ನೋ ಕೇಳಿ ಪಡೆಯಿರಿ, ಅದೇ ಕೆಲಸವಾಗುತ್ತದೆ. ದೋಣಿಯವರ ಮಾತು ಇಲ್ಲಿ ಇನ್ನು ಬೇಡ.

ಪ್ರಶ್ನೆ (ದಾವಣಗೆರೆ): ಹನಿ ನೀರಾವರಿಗೆ ಕೊಡುವ 13-0-45 ಗೊಬ್ಬರವೂ ಪೊಟ್ಯಾಸಿಯಂ ನೈಟ್ರೇಟೇ ಅಲ್ಲವೇ? ಅದನ್ನು ಬಳಸಬಹುದೇ?

ಉತ್ತರ: ಹೌದು, ಅದು ಪೊಟ್ಯಾಸಿಯಂ ನೈಟ್ರೇಟೇ; ನಾನು ಮೇಲೆ ಹೇಳಿದ್ದು ಶುದ್ಧ ಸೋಡಿಯಂ ನೈಟ್ರೇಟ್. ಗೊಬ್ಬರದ ದರ್ಜೆಯಲ್ಲಿ ಬೇರೆ ಲೋಹಗಳು ಎಷ್ಟಿವೆ ಎಂಬ ಖಾತರಿಯಿಲ್ಲದ ಕಾರಣ ನಾನು ಸಲಹೆ ಮಾಡುವುದಿಲ್ಲ.

ಪ್ರಶ್ನೆ (ತುಮಕೂರು): ಮೂರು ದಿನ ದೀಪ ಆರಿಸಿ ಟ್ಯಾಂಕಿಗೆ ಕಂಬಳಿ ಮುಚ್ಚಿದರೆ ಹೋಗುತ್ತದೆಯೇ? ಹೈಡ್ರೋಜನ್ ಪೆರಾಕ್ಸೈಡ್ ಕೂಡ ಹಾಕಬೇಕೇ?

ಉತ್ತರ: ಕತ್ತಲು ಮಾತ್ರ ಮಾಡಿದರೆ ಹೋದಂತೆ ಕಾಣುತ್ತದೆ, ದೀಪ ಹಾಕಿದ ಕೆಲವೇ ದಿನಗಳಲ್ಲಿ ಮರಳುತ್ತದೆ. ಪೋಷಕಾಂಶ ಸರಿಪಡಿಸದೆ ಪ್ರಯೋಜನವಿಲ್ಲ.

ಪ್ರಶ್ನೆ (ಮೈಸೂರು): ನಮಸ್ಕಾರ ಮೇಡಂ. ನಮ್ಮ ಟ್ಯಾಂಕಿನಲ್ಲೂ ಇದೇ ಲೋಳೆ, ಬಸವನಹುಳುಗಳೆಲ್ಲ ಸತ್ತಿವೆ. ನಿನ್ನೆ ಸಂಜೆ ಝೋಆಂಥಿಡ್ ಎಂಬ ಹವಳದಂಥ ಜೀವಿ ಅಂಟಿರುವ ಕಲ್ಲನ್ನು ಹೊರತೆಗೆದು, ಅಡುಗೆಮನೆಯ ಸಿಂಕಿನಲ್ಲಿ ಕುದಿಯುವ ನೀರು ಸುರಿದು ಬ್ರಷ್‌ನಿಂದ ಉಜ್ಜಿದೆ. ರಾತ್ರಿಯಿಂದ ಬಾಯಲ್ಲಿ ಕಬ್ಬಿಣ ಚೀಪಿದಂಥ ಕಹಿ, ಕೆಮ್ಮು, ಮೈಕೈ ನೋವು. ಅತ್ತೆಯವರಿಗೆ ಮೊದಲೇ ಅಸ್ತಮಾ, ಅವರೂ ಕೆಮ್ಮುತ್ತಿದ್ದಾರೆ. ಕಲ್ಲು ಇನ್ನೂ ಸಿಂಕಿನಲ್ಲಿದೆ. ಮತ್ತೆ ಟ್ಯಾಂಕಿಗೆ ಹಾಕುವ ಮುನ್ನ ಇನ್ನೊಮ್ಮೆ ಕುದಿಸಬೇಕೇ?

ಉತ್ತರ: ಕುದಿಸಬೇಡಿ. ಕಲ್ಲನ್ನು ಮುಟ್ಟಬೇಡಿ. ಇದನ್ನು ಓದಿದ ಕೂಡಲೇ ಕಿಟಕಿಗಳನ್ನೆಲ್ಲ ತೆರೆದು, ನೀವೂ ಅತ್ತೆಯವರೂ ಮನೆಯಿಂದ ಹೊರಬಂದು, ನೇರವಾಗಿ ದೊಡ್ಡ ಆಸ್ಪತ್ರೆಯೊಂದರ ತುರ್ತು ವಿಭಾಗಕ್ಕೆ ಹೋಗಿ. ನಾನು ಮೀನುಗಳ ವೈದ್ಯೆ, ನಿಮ್ಮ ಎದೆಯನ್ನು ಪರೀಕ್ಷಿಸಬೇಕಾದವರು ಬೇರೆ. ಅಲ್ಲಿ "ನೆಗಡಿ, ಕೆಮ್ಮು" ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. "ಪ್ಯಾಲಿಟಾಕ್ಸಿನ್ ಇರಬಹುದಾದ ಹವಳಕ್ಕೆ ಬಿಸಿನೀರು ಸುರಿದಾಗ ಎದ್ದ ಹಬೆಯನ್ನು ಉಸಿರಾಡಿದ್ದೇವೆ" ಎಂದು ಹೇಳಿ, ಆ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಿ. ಇದಕ್ಕೆ ನಿರ್ದಿಷ್ಟವಾದ ಪ್ರತಿವಿಷ ಇಲ್ಲ. ಉಸಿರಾಟ, ಹೃದಯದ ಬಡಿತ ಮತ್ತು ಸ್ನಾಯುಗಳ ಮೇಲೆ ನಿಗಾ ಇಟ್ಟು, ಲಕ್ಷಣಗಳಿಗೆ ತಕ್ಕಂತೆ ಚಿಕಿತ್ಸೆ ಕೊಡುತ್ತಾರೆ. ಕಣ್ಣು ಉರಿಯುತ್ತಿದ್ದರೆ ಈಗಲೇ ಧಾರಾಳವಾಗಿ ನೀರು ಹಾಕಿ ತೊಳೆದು, ಅದನ್ನೂ ಅವರಿಗೆ ತಿಳಿಸಿ.

ಪ್ಯಾಲಿಟಾಕ್ಸಿನ್ ಕೆಲವು ಝೋಆಂಥಿಡ್‌ಗಳ ಮೈಯಲ್ಲಿರುವ ಅತಿ ತೀಕ್ಷ್ಣ ವಿಷ. ಕುದಿಯುವ ನೀರಿಗೆ ಅದು ಸುಲಭವಾಗಿ ಮಣಿಯುವುದಿಲ್ಲ, ಹಬೆಯ ತುಂತುರಿನೊಂದಿಗೆ ಗಾಳಿಗೆ ಏರುತ್ತದೆ. ಅದರ ಹತ್ತಿರದ ಸಂಬಂಧಿಗಳಾದ ವಿಷಗಳನ್ನು ಆಸ್ಟ್ರಿಯಾಪ್ಸಿಸ್ ಎಂಬ ಡೈನೋ ಕೂಡ ತಯಾರಿಸುತ್ತದೆ, ನಿಮ್ಮ ಬಸವನಹುಳುಗಳು ಸತ್ತಿರುವುದರಿಂದ ನನಗೆ ಆ ಅನುಮಾನವೂ ಇದೆ. 2005ರ ಬೇಸಿಗೆಯಲ್ಲಿ ಇಟಲಿಯ ಜಿನೋವಾ ಕಡಲತೀರದಲ್ಲಿ ಆಸ್ಟ್ರಿಯಾಪ್ಸಿಸ್ ಹೆಚ್ಚಿದಾಗ, ನೀರಿಗೆ ಇಳಿಯದೆ ದಡದಲ್ಲಿ ಗಾಳಿ ಸೇವಿಸುತ್ತಿದ್ದವರೂ ಸೇರಿ ಸುಮಾರು 200 ಮಂದಿ ಜ್ವರ, ಕೆಮ್ಮು, ಉಸಿರಾಟದ ತೊಂದರೆಯಿಂದ ವೈದ್ಯರ ಬಳಿ ಹೋಗಬೇಕಾಯಿತು. ಅದು ತೆರೆದ ಸಮುದ್ರದ ಗಾಳಿ. ನಿಮ್ಮದು ಮುಚ್ಚಿದ ಅಡುಗೆಮನೆ.

ಆಸ್ಪತ್ರೆಯಿಂದ ಬಂದ ಮೇಲೆ, ಮನೆ ಚೆನ್ನಾಗಿ ಗಾಳಿಯಾಡಿದ ನಂತರ, ಲಕ್ಷಣಗಳಿಲ್ಲದ ಬೇರೆಯವರು ಕೈಗವಸು, ಕಣ್ಣಿಗೆ ಕನ್ನಡಕ ಮತ್ತು ಮುಖಗವಸು ಧರಿಸಿ ಈ ಕೆಲಸ ಮಾಡಲಿ: ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ತಣ್ಣೀರು ಬೆರೆಸಿ, ಸಿಂಕು, ಬ್ರಷ್ ಮತ್ತು ಕಲ್ಲು ಅದರಲ್ಲಿ ಅರ್ಧ ಗಂಟೆ ನೆನೆಯಬೇಕು. ಆ ಬ್ಲೀಚಿಗೆ ವಿನೆಗರ್, ನಿಂಬೆ, ಟಾಯ್ಲೆಟ್ ಆಸಿಡ್ ಯಾವುದನ್ನೂ ಸೇರಿಸಬಾರದು, ವಿಷಾನಿಲ ಬರುತ್ತದೆ. ಸಿಂಕಿನಲ್ಲಿದ್ದ ಪಾತ್ರೆಗಳನ್ನು ಊಟಕ್ಕೆ ಬಳಸಬೇಡಿ. ಕಲ್ಲನ್ನು ಎಸೆಯಿರಿ. ಟ್ಯಾಂಕಿನಲ್ಲಿ ಇನ್ನು ಮುಂದೆ ಉಜ್ಜುವುದಕ್ಕೆ ಬದಲು ಪೈಪಿನಿಂದ ಲೋಳೆಯನ್ನು ಹೀರಿ ತೆಗೆಯಿರಿ, ವಿಷ ಹೀರಲು ಅಕ್ವೇರಿಯಂ ಇದ್ದಿಲಿನ (ಆಕ್ಟಿವೇಟೆಡ್ ಕಾರ್ಬನ್) ಚೀಲ ಹಾಕಿ. ಆಸ್ಪತ್ರೆಗೆ ತಲುಪಿದ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ.

ಶಿರಸಿ ಸದಸ್ಯರು: ಇಂಥ ವಿಷವಿರುವ ಜೀವಿಗಳನ್ನು ಮನೆಯಲ್ಲಿಡಲು ಹೇಳುವವರು ಮೈಲುತುತ್ತದ ಬಗ್ಗೆ ನಮಗೆ ಪಾಠ ಹೇಳುತ್ತಾರೆ.

ಜಯನಗರ ಸದಸ್ಯರು: ಒಬ್ಬರು ಉಸಿರಾಟದ ತೊಂದರೆಯಲ್ಲಿರುವಾಗ ಈ ವಾದ ಬೇಕೆ, ಸ್ವಾಮಿ?

ಉಡುಪಿ ಸದಸ್ಯರು: ಅವರಿಗೆ ಸಂದೇಶ ಹಂಚುವುದಷ್ಟೇ ಗೊತ್ತು.

ಪ್ರಶ್ನೆ (ಕಲಬುರಗಿ): ಮೂರು ಅಡಿಯ ಟ್ಯಾಂಕಿಗೆ ಯಾವ ಕಂಪನಿಯ ದೀಪ ಒಳ್ಳೆಯದು?

ಮೈಸೂರು ಸದಸ್ಯೆ: ಆಸ್ಪತ್ರೆಯಲ್ಲಿದ್ದೇವೆ ಮೇಡಂ. ಅತ್ತೆಯವರಿಗೆ ಆಮ್ಲಜನಕ ಕೊಟ್ಟಿದ್ದಾರೆ, ನನ್ನನ್ನೂ ರಾತ್ರಿಯವರೆಗೆ ಇರಿಸಿಕೊಳ್ಳುತ್ತಾರಂತೆ. ಚೀಟಿ ತೋರಿಸಿದ್ದು ಉಪಯೋಗಕ್ಕೆ ಬಂತು.

ಉತ್ತರ: ಸರಿ. ಅವರು ಹೇಳುವವರೆಗೆ ಹೊರಡಬೇಡಿ. ಮನೆಯವರು ಯಾರೂ ಆ ಸಿಂಕಿನ ಹತ್ತಿರ ಹೋಗದಂತೆ ಫೋನ್ ಮಾಡಿ ತಿಳಿಸಿ.

ಜಯನಗರ ಸದಸ್ಯರು: ಡಾಕ್ಟರ್, ವಿಡಿಯೋ ಹಾಕಿದ್ದೇನೆ. ಒಂದು ತುದಿ ಚೂಪಾದ ನೀರಹನಿಯ ಆಕಾರದ ಕೋಶಗಳು, ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಒಂದೇ ಬಿಂದುವಿನ ಸುತ್ತ ತಿರುಗುತ್ತಿವೆ.

ಉತ್ತರ: ಆಸ್ಟ್ರಿಯಾಪ್ಸಿಸ್. ಲೋಳೆಯ ಎಳೆಗೆ ಅಂಟಿಕೊಂಡು ಹಾಗೆ ತಿರುಗುವುದೇ ಅದರ ಗುರುತು. ರಾತ್ರಿ ಇದು ಕಲ್ಲು ಬಿಟ್ಟು ನೀರಿಗೆ ಏರುವುದರಿಂದ, ತನ್ನ ಮೂಲಕ ಹಾಯುವ ನೀರಿನಲ್ಲಿರುವ ಜೀವಿಗಳನ್ನು ಕೊಲ್ಲುವ ಯುವಿ (ಅತಿನೇರಳೆ) ದೀಪ ಕೆಲಸ ಮಾಡುತ್ತದೆ. ನಿಮ್ಮ ಟ್ಯಾಂಕಿಗೆ 25 ವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಿನದು ಬೇಕು, ಹರಿವು ಗಂಟೆಗೆ 300ರಿಂದ 900 ಲೀಟರಿನೊಳಗೆ ಇರಬೇಕು. ಅದನ್ನು ಸಂಪಿನಲ್ಲಿ (ಟ್ಯಾಂಕಿನ ಕೆಳಗಿನ ಶೋಧಕ ತೊಟ್ಟಿ) ಇಡದೆ, ಮೇಲಿನ ಟ್ಯಾಂಕಿನಿಂದಲೇ ನೀರು ಎಳೆದು ಅಲ್ಲಿಗೇ ಬಿಡುವಂತೆ ಜೋಡಿಸಿ, ಹಗಲೂ ರಾತ್ರಿಯೂ ಓಡಿಸಿ. ಮೈಸೂರಿನವರಿಗೆ ಹೇಳಿದ ಕೈಗವಸು, ಕನ್ನಡಕದ ಮಾತು ನಿಮಗೂ ಅನ್ವಯಿಸುತ್ತದೆ.

ಪ್ರಶ್ನೆ (ಬೆಳಗಾವಿ): ನಾನೂ ಯುವಿ ಹಾಕಿದ್ದೇನೆ, ಒಂದಿಷ್ಟೂ ಕಡಿಮೆಯಾಗಿಲ್ಲ. ನನ್ನವು ಮೊಟ್ಟೆಯಾಕಾರದವು, ತುದಿಯಲ್ಲಿ ಚಿಕ್ಕ ಕೊಕ್ಕಿನಂಥದ್ದಿದೆ, ಮರಳಿನ ಮೇಲೆ ಮಾತ್ರ ಇವೆ, ನೆಟ್ಟಗೆ ಜಾರಿಕೊಂಡು ಹೋಗುತ್ತವೆ.

ಉತ್ತರ: ಆಂಫಿಡಿನಿಯಂ. ರಾತ್ರಿ ಅದು ಮರಳಿನೊಳಗೆ ಇಳಿಯುತ್ತದೆ, ನೀರಿಗೆ ಏರುವುದಿಲ್ಲ. ಹಾಗಾಗಿ ನಿಮ್ಮ ಯುವಿ ದೀಪಕ್ಕೆ ಅದು ಸಿಗುವುದೇ ಇಲ್ಲ. ನೈಟ್ರೇಟ್, ಫಾಸ್ಫೇಟ್ ಹಿಡಿದಿಟ್ಟುಕೊಂಡು, ಶುದ್ಧ ಸೋಡಿಯಂ ಸಿಲಿಕೇಟನ್ನು ತೆಳುಮಾಡಿ ಹಾಕಿ, ಸಿಲಿಕಾ ಕಿಟ್‌ನಲ್ಲಿ 1 ಪಿಪಿಎಂ ಆಸುಪಾಸು ಇರುವಂತೆ ನೋಡಿಕೊಳ್ಳಿ. ಸಿಲಿಕೇಟ್ ಬಳಸಿ ಡಯಾಟಮ್ ಬೆಳೆದು ಆ ಜಾಗವನ್ನು ಹಿಡಿಯಬೇಕು. ಕೆಲವು ವಾರ ಮರಳು ಇನ್ನಷ್ಟು ಕಂದಾಗಿ ಕಾಣುತ್ತದೆ, ಹೆದರಿ ನಿಲ್ಲಿಸಬೇಡಿ.

ಪ್ರಶ್ನೆ (ಹಾಸನ): ಮೇಡಂ, ದೀಪ ಆರಿಸಿ ಮೂರು ದಿನ ಮುಚ್ಚಿಟ್ಟರೆ ಸಾಕಲ್ಲವೇ?

ಉತ್ತರ: ತುಮಕೂರಿನವರಿಗೆ ಉತ್ತರಿಸಿದ್ದೇನೆ.

ಶಿರಸಿ ಸದಸ್ಯರು: ಇದಕ್ಕೆ ಸ್ಫಟಿಕ ಹಾಕಿದರೆ ನೀರು ತಿಳಿಯಾಗುತ್ತದೆ ಎಂಬ ಇನ್ನೊಂದು ಸಂದೇಶವೂ ಬಂದಿದೆ. ಕೇಳುವುದರಲ್ಲಿ ತಪ್ಪೇನಿದೆ?

ಉತ್ತರ: ಸ್ಫಟಿಕ ಅಲ್ಯೂಮಿನಿಯಂ ಲವಣ, ನಾನು ಏರಿಸಿ ಎಂದು ಬೆಳಗ್ಗೆಯಿಂದ ಹೇಳುತ್ತಿರುವ ಫಾಸ್ಫೇಟನ್ನೇ ಅದು ಹಿಡಿದು ಕೆಳಗಿಳಿಸುತ್ತದೆ. ಹಾಕಬಾರದು. ಸ್ವಂತ ಟ್ಯಾಂಕಿನ ಅಂಕಿಗಳಿಲ್ಲದೆ ಇನ್ನೊಂದು ಸಂದೇಶ ಹಾಕಿದರೆ ನಾನು ಉತ್ತರಿಸುವುದಿಲ್ಲ.